ಅರ್ಧಕ್ಕೆ ನಿಂತ ಡಿಕ್ಕಿ

"ಮೈಕ್ ಆಫ್ ಮಾಡಿದ್ದ್ ಯಾರ್?!"

ಕೋಟೇಶ್ವರದ ಸಭಾಂಗಣದ ವೇದಿಕೆಯಿಂದ ಇಳಿದ ರಂಜನಿ ನೇರ ಧ್ವನಿವರ್ಧಕದವನ ಎದುರು ಹೋಗಿ ನಿಂತಳು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವಳ ಆಕಾಶದ ಉಪನ್ಯಾಸ ಅರ್ಧಕ್ಕೇ ನಿಂತಿತ್ತು.

"ನಾನೇ," ಎಂದ ಪ್ರಖ್ಯಾತ್. "ಮುಖ್ಯ ಅತಿಥಿ ಬಂದ್ರ್. ಕಮಿಟಿಯವ್ರ್ ಸನ್ನೆ ಮಾಡ್ರ್..."

"ನಮ್ಮ ಆಕಾಶಗಂಗೆಗೆ ಇನ್ನೊಂದ್ ಗ್ಯಾಲಕ್ಸಿ ಬಂದ್ ಡಿಕ್ಕಿ ಹೊಡಿಲೂಬಹುದ್ ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿಸ್ದ್ರಿ! ಮುಂದಿಂದ್ ನಿಮ್ಮಜ್ಜ ಹೇಳ್ತ್ರಾ?"

ಮರುದಿನವೇ ಪಕ್ಕದ ಮನೆಯ ವನಜಕ್ಕ ಹೊಸ ಮನೆಯ ಕೆಲಸ ನಿಲ್ಲಿಸಿದರು!

"ಲೋಕವೇ ಒಡ್ದ್ ಹೋತ್ತಂಬ್ರಲ್ಲ ಹೆಣ್ಣೇ, ಮತ್ತೆಂತಕ್ಕೆ ಮನೆ?"

ಪ್ರಿನ್ಸಿಪಾಲರೂ ಕರೆದು ಹೇಳಿದರು, "ಜನರನ್ನು ಹೆದರಿಸುವ ಉಪನ್ಯಾಸ ಇನ್ನು ಬೇಡ."

ಛೀ! ನಾಲ್ಕು ವರ್ಷ ಊರೂರು ಅಲೆದು ಆಕಾಶ ತೋರಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ... ಅವನೊಬ್ಬನಿಂದ!

ಭಾನುವಾರ ಬೆಳಿಗ್ಗೆ ಅಂಗಳದ ಎದುರು ಆಟೋ ನಿಂತಿತು. ಮೇಲೆ ಎರಡು ದೊಡ್ಡ ಸ್ಪೀಕರ್. ಯಕ್ಷಗಾನದ ಪ್ರಚಾರಕ್ಕೆ ಊರು ಸುತ್ತುವ ಆಟೋ. ಇಳಿದವನು ಅವನೇ!

"ಹ್ವಾಯ್ ಟೀಚರೇ, ಬನ್ನಿ. ಉಳ್ದದ್ದ್ ಹೇಳಿ."

"ನಾಚ್ಕಿ ಇಲ್ಯಾ ನಿಮ್ಗೆ?"

"ಇತ್. ಅದ್ಕೇ ಬಂದದ್ದ್. ಈ ಸಲ ಸ್ವಿಚ್ ನಿಮ್ ಕೈಯಗೇ."

ಹಲ್ಲು ಕಚ್ಚಿಕೊಂಡೇ ಮೈಕ್ ಕಿತ್ತುಕೊಂಡಳು. ವಾರದ ಸಿಟ್ಟೆಲ್ಲ ಸ್ಪೀಕರಿನಲ್ಲಿ ಹೊರಬಂತು.

"ಎಲ್ರೂ ಕೇಳಿ! ಆ ಡಿಕ್ಕಿ ಆದ್ರೂ ನೂರಾರ್ ಕೋಟಿ ವರ್ಷ ಬಿಟ್ಟ್! ನಕ್ಷತ್ರಕ್ಕೆ ನಕ್ಷತ್ರ ಬಡಿಯೂದೇ ಅಪರೂಪ, ನಡುವೆ ಅಷ್ಟ್ ಜಾಗ ಇತ್! ಅನಿಲದ ಮೋಡಕ್ಕೆ ಮೋಡ ಒತ್ತಿ ಹೊಸ ನಕ್ಷತ್ರ ಹುಟ್ಟತ್ತ್! ವನಜಕ್ಕ, ಮನೆ ಕಟ್ಟಿ!"

ವನಜಕ್ಕ ಮೇಸ್ತ್ರಿಗೆ ಫೋನ್ ಮಾಡಲು ಒಳಗೆ ಓಡಿದರು.

ಆಟೋ ಹತ್ತಿ, ನಾವುಂದ ಊರಿನವರೆಗೂ ಅದನ್ನೇ ಕೂಗಿ ಕೂಗಿ ಗಂಟಲು ಒಣಗಿತು. ಅವನು ನೀರಿನ ಬಾಟಲಿ ಕೊಟ್ಟ. ಸಿಟ್ಟು ಇನ್ನೂ ಇತ್ತು. ಬೈಗುಳ ಮಾತ್ರ ಬಾಯಿಗೆ ಬರಲೊಲ್ಲದು!

"ಎಂತಕ್ಕೆ ಇದೆಲ್ಲ ಮಾಡ್ತಿದ್ರಿ?"

"ಅವತ್ತಿಂದ ಒಂದೇ ಯೋಚ್ನಿ... ಡಿಕ್ಕಿ ಆದ್ಮೇಲೆ ಆ ಎರಡೂ ಎಂತ ಆತ್ತ್?"

ಸಭೆಯಲ್ಲಿದ್ದವರು ಮುನ್ನೂರು ಜನ. ಮುಂದೇನು ಎಂದು ಕೇಳಿದವನು ಇವನೊಬ್ಬನೇ! ರಂಜನಿಯ ಕಣ್ಣು ತುಂಬಿತು. ಮೈಕಿನ ಸ್ವಿಚ್ ತಾನೇ ಆಫ್ ಮಾಡಿದಳು.

"ಒಂದ್ಸಲ ಹಾದ್ ಹೋತ್ತ್. ದೂರ ಹೋಯಿ ತಿರ್ಗಿ ಬತ್ತ್. ಮೊದ್ಲಿನ ಸುರುಳಿ ಎಲ್ಲ ಬಿಚ್ಚಿ ಹೋತ್ತ್. ಕಡೆಗೆ ಎರಡೂ ಸೇರಿ ಒಂದೇ."

"ಮತ್ತೆ ಬೇರೆ ಮಾಡೂಕೆ ಆತಿಲ್ಯಾ?"

"ಆತಿಲ್ಲೆ."

ಅವನು ತಲೆ ತಗ್ಗಿಸಿದ. "ನಿಮ್ ಮಾತ್ ಇನ್ನೆಂದೂ ಅರ್ಧಕ್ಕೆ ನಿಲ್ಸೂದಿಲ್ಲೆ. ನೀವಂದ್ರೆ ನಂಗೆ ಇಷ್ಟ... ನಾಳೆಯೂ ಬರ್ಲಾ ಟೀಚರೇ?"

"ಟೀಚರೇ ಅಂದ್ಕಂಡ್ ಬಪ್ಪುದ್ ಬ್ಯಾಡ!" ಸಿಡುಕಿದಳು. "ನಂಗೊಂದ್ ಹೆಸ್ರ್ ಇಲ್ಯಾ?"

"ರಂಜನಿ... ಬತ್ತೆ."

"ಬೇಗ ಬನ್ನಿ."