ಗಾಳಿ ಸೋಕಿದ ಪೆಟ್ಟಿಗೆ

ಗಾಜಿನ ಪೆಟ್ಟಿಗೆಯೊಳಗಿನ ಬಿಳಿ ಪಟ್ಟಿ ಬೆಳಿಗ್ಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗುಲಾಬಿ ಅಂದರೆ ಒಳಗೆ ಗಾಳಿ ನುಗ್ಗಿದೆ. ಒಳಗಿದ್ದ ಜೀವಾಣುಗಳ ಕಥೆ ಮುಗಿದಿದೆ.

ಅವು ಮನುಷ್ಯನ ಕರುಳಿನವು. ಆಮ್ಲಜನಕ ಸೋಕಿದರೆ ಸಾಯುತ್ತವೆ. ಆಮ್ಲಜನಕವಿಲ್ಲದ ಅನಿಲ ತುಂಬುವ, ಪೆಟ್ಟಿಗೆಯ ಹಿಂದಿನ ಕೊಳವೆಯನ್ನು ಯಾರೋ ಬಿಚ್ಚಿದ್ದರು. ತಾನಾಗಿ ಕಳಚುವಂಥದ್ದಲ್ಲ ಅದು, ತಿರುಪು ಸಡಿಲಿಸಬೇಕು.

ನಾನು ಈ ಸಂಶೋಧನಾಲಯದ ಕಾವಲಿನ ಮುಖ್ಯಸ್ಥೆ. ಹಿಂದೆ ಪೊಲೀಸ್ ಕೆಲಸದಲ್ಲಿದ್ದೆ, ಹಾಗಾಗಿ ಎಲ್ಲರ ಬಾಯಲ್ಲೂ ಪೊಲೀಸಕ್ಕ.

ಕಿರಿಯ ಸಂಶೋಧಕಿ ಗೋಡೆಗೊರಗಿ ಅಳುತ್ತಿದ್ದಳು.

"ಮೈಯ ರೋಗನಿರೋಧಕ ಶಕ್ತಿ ಮೈ ಮೇಲೇ ತಿರುಗಿಬಿದ್ರೆ, ಅದನ್ನ ಸಮಾಧಾನ ಮಾಡೋ ಜೀವಾಣು ಅಕ್ಕಾ. ನಾನೇ ಹುಡುಕಿದ್ದು. ನಾಳೆ ಆಯ್ಕೆ ಸಮಿತಿಗೆ ಜೀವಂತ ತೋರಿಸ್ಬೇಕು. ಇಲ್ಲಾಂದ್ರೆ ಸ್ವಂತ ಲ್ಯಾಬೂ ಇಲ್ಲ, ಕೆಲಸಾನೂ ಇಲ್ಲ."

"ಫ್ರೀಜರಲ್ಲಿ ಇಟ್ಟಿಲ್ವಾ?"

"ಇದೆ. ಅದನ್ನ ಎಬ್ಬಿಸೋಕೆ ವಾರಗಟ್ಟಲೆ ಬೇಕು."

* * *

ಮೊದಲು ಹಿಡಿದದ್ದು ಅವಳ ಪಕ್ಕದ ಮೇಜಿನ ಸಂಶೋಧಕನನ್ನು. ಅದೇ ಹುದ್ದೆಗೆ ಅವನೂ ಅರ್ಜಿ ಹಾಕಿದ್ದ. ಅವಳ ಸುದ್ದಿ ಎತ್ತಿದರೆ ಸಾಕು, ಹರಳೆಣ್ಣೆ ಕುಡಿದ ಮುಖ.

"ಹೊಟ್ಟೆಕಿಚ್ಚಾ?" ಅಂದೆ.

"ಹೌದು. ನಿದ್ದೆ ಬರಲ್ಲ, ಅಷ್ಟಿದೆ. ಆದ್ರೆ ನಾನು ಜೀವಾಣು ಬೆಳೆಸೋ ತಟ್ಟೆಗಳೂ ಒಳಗೇ ಇದ್ವಲ್ಲ! ಒಂದಾದ್ರೂ ಉಳಿದಿದೆಯಾ? ಹೇಳಿ ಅಕ್ಕಾ!"

ಕೆಟ್ಟ ಬುದ್ಧಿ ಇದ್ದರೂ ನೇರ ಮನುಷ್ಯ. ಬಿಟ್ಟೆ.

ಆಮೇಲೆ ವಿಭಾಗದ ಮೇಡಂ, ಕಿರಿಯಳ ಗುರು. ಅವಳನ್ನು ಮಗಳ ಹಾಗೆ ಬೆಳೆಸಿದವರು ಅಂತ ಮಾತು.

"ಅಯ್ಯೋ ಪಾಪ, ನಾಳೆ ಅವಳ ಗತಿ ಏನು?" ಅಂದರು. ಮತ್ತೆ ಮತ್ತೆ ಅದನ್ನೇ ಅಂದರು.

"ನಿಮ್ಮದೂ ಅದೇ ಪೆಟ್ಟಿಗೇಲಿತ್ತಲ್ವಾ ಮೇಡಂ?"

"ಹೂಂ. ಹೋಯ್ತು."

ಹೂಂ, ಹೋಯ್ತಂತೆ! ಒಂದೇ ಜೀವಾಣುವಿನ ಹಿಂದೆ ಆಯಸ್ಸೆಲ್ಲಾ ಕಳೆದವರು. ಯಾರ ಮದುವೆಗೆ ಹೋದರೂ ಅದರದೇ ಪುರಾಣ ಹೇಳಿ ತಲೆ ತಿನ್ನುತ್ತಿದ್ದರು.

* * *

ಎಲ್ಲರ ಎದುರೇ ಮೇಡಂ ಕೋಣೆಯ, ಜೀವಾಣುಗಳನ್ನು ಬೆಚ್ಚಗಿಡುವ ಬಿಸಿಪೆಟ್ಟಿಗೆ ತೆಗೆಸಿದೆ. ಹಿಂದೆ, ಸೀಸೆಗಳ ಮರೆಯಲ್ಲಿ, ಬಿಗಿ ಮುಚ್ಚಳದ ಜಾಡಿ. ಒಳಗೆ ಆಮ್ಲಜನಕ ಹೀರುವ ಪೊಟ್ಟಣ. ಪಟ್ಟಿ ಬೆಳ್ಳಗಿತ್ತು. ತಟ್ಟೆಗಳು ಜೀವಂತ.

"ಬೆಂಕಿ ಬಿದ್ದಾಗ ಎಲ್ಲರೂ ತಮ್ಮ ಮಗು ಎಲ್ಲಿ ಅಂತ ಕೂಗ್ತಾರೆ," ಅಂದೆ. "ನೀವೊಬ್ರು ಕೂಗ್ಲಿಲ್ಲ. ನಿಮ್ಮ ಮಗು ಆಗ್ಲೇ ಹೊರಗಿತ್ತು. ಮೊದಲು ಅದನ್ನ ಜಾಡಿಗೆ ಸಾಗಿಸಿದ್ರಿ, ಆಮೇಲೆ ಕೊಳವೆ ಬಿಚ್ಚಿದ್ರಿ. ಅದನ್ನ ಕೊಲ್ಲೋಕೆ ಕೈ ಬರ್ಲಿಲ್ಲ."

ಮೇಡಂ ಮುಖ ಕಪ್ಪಿಟ್ಟಿತು. ಆಮೇಲೆ ಒಮ್ಮೆಲೇ ಸಿಡಿದರು.

"ತಟ್ಟೆ ಹಿಡಿಯೋದನ್ನೂ ನಾನೇ ಕಲಿಸಿದ್ದು ಇವಳಿಗೆ! ಈಗ ಎಲ್ಲಾ ಸಭೆಗೂ ಇವಳನ್ನೇ ಕರೀತಾರೆ. ನನ್ನನ್ನ ಇವಳ ಗುರು ಅಂತ ಪರಿಚಯ ಮಾಡ್ತಾರೆ. ಹೊಟ್ಟೆ ಉರೀತು, ಏನ್ಮಾಡ್ಲಿ?"

ಕಿರಿಯಳು ಜಾಡಿಯನ್ನು ಬೆಳಕಿಗೆ ಹಿಡಿದಿದ್ದಳು. ತಟ್ಟೆಯಲ್ಲಿ ದೊಡ್ಡ ಚುಕ್ಕೆಗಳು, ಅವುಗಳ ಸುತ್ತ ಸಾಸಿವೆಯಂಥ ಸಣ್ಣವು.

"ಮೇಡಂ, ಸಣ್ಣವು ನಿಮ್ಮವು. ದೊಡ್ಡವು... ನನ್ನವು!"

"ನಿನ್ನದು ಹೊರಬಿಟ್ಟದ್ದನ್ನ ತಿಂದೇ ನನ್ನದು ಬದುಕೋದು," ಅಂದರು ಮೇಡಂ, ತಲೆ ಎತ್ತದೆ. "ಅದಿಲ್ದೆ ಹೇಗೆ ಉಳಿಸ್ಲಿ?"

ಕೊಲ್ಲಲು ಹೊರಟವರೇ ಅದನ್ನು ಜೋಪಾನ ಮಾಡಿದ್ದರು. ಹುಡುಗಿ ಜಾಡಿ ಅವಚಿಕೊಂಡು ಬಿಕ್ಕಿದಳು.

ಮೇಡಂ ಅವರನ್ನು ನಿರ್ದೇಶಕರ ಬಳಿ ಕರೆದೊಯ್ಯಲು ಬಾಗಿಲು ತೆಗೆದೆ. ಹೊಸ್ತಿಲಲ್ಲಿ ನಿಂತರು.

"ನನ್ನದನ್ನ ಬೇರೆ ಮಾಡ್ಬೇಡ ಕಣೇ. ಒಂಟಿಯಾದ್ರೆ ಸಾಯುತ್ತೆ."

"ಮಾಡಲ್ಲ ಮೇಡಂ," ಅಂದಳು ಹುಡುಗಿ. ಆದರೆ ತಿರುಗಿ ನೋಡಲಿಲ್ಲ.