ಸಿಟ್ಟಿಲ್ಲದ ಯಂತ್ರ

"ಅವಾ ಪ್ರೇಮಿ ಅಲ್ರೀ... ಹೇಡಿ! ಸತ್ತ ಹೆಂಡ್ತಿ ಮುಖ, ದನಿ ಎಲ್ಲಾ ಯಂತ್ರಕ್ಕ ಹಾಕಿಸಿದಾ. ಅಕಿ ಸಿಟ್ಟೊಂದು ಬಿಟ್ಟು!"

ನೋಡಲು ಬಂದ ಗಂಡಿನೆದುರು ಶಿವಕಾಂತಾ ಹೀಗೆ ಗುಡುಗಿದ್ದಳು. ನಿಗಡಿಯ ಅವಳ ಮನೆಯೊಳಗೆ ಹಿರಿಯರು ಅವಲಕ್ಕಿ ತಿನ್ನುತ್ತಿದ್ದರು. ಇವರಿಬ್ಬರನ್ನು ಮಾತಾಡಿಕೊಳ್ಳಲೆಂದು ಹೊರಗಿನ ಗ್ಯಾಲರಿಗೆ ಕಳಿಸಿದ್ದರು. "ಏನ್ ಓದ್ತೀರಿ?" ಎಂದು ದೇವಾನಂದ ಕೇಳಿದ್ದೇ ತಡ, ವೈಜ್ಞಾನಿಕ ಕಾದಂಬರಿಗಳ ಹುಚ್ಚು ಅವಳ ನಾಲಿಗೆಗೆ ಬಂದಿತ್ತು.

"ಹಳೇವು ಸುಳ್ಳರ ಹೇಳ್ಲಿ, ಎದಿ ಹಾರ್ತದ. ಹೊಸಾವು ಎಲ್ಲಾ ಖರೇ ಹೇಳ್ತಾವ, ರಾಕೆಟ್ ಮಾತ್ರ ಏಳಂಗಿಲ್ಲ!" ಎಂದಾಗ ಅವನು ಮನಸಾರೆ ನಕ್ಕಿದ್ದ. ಆ ನಗುವಿಗೆ ಸೋತೇ ಅವಳು ಯಂತ್ರದ ಹೆಂಡತಿಯ ಕಾದಂಬರಿ ತೆಗೆದದ್ದು, ಅದರ ನಾಯಕನನ್ನು ಹೇಡಿ ಎಂದದ್ದು.

ಈಗ ಅವನ ಮುಖ ಬಿಳಿಚಿತ್ತು.

"ಬರ್ತೀನ್ರಿ," ಎಂದವನು ತಿರುಗಿಯೂ ನೋಡದೆ ಹೋದ.

'ಓದೋ ಹೆಣ್ಣು ಬ್ಯಾಡೇನು ಇವಗ?' ಅವಳ ಕಣ್ಣು ತುಂಬಿತು.

ಅವ್ವ ಚನ್ನಬಸವ್ವ ಹಣೆ ಬಡಿದುಕೊಂಡಳು. "ಅವನ ಹೆಂಡ್ತಿ ಸತ್ತಾಳ, ಹುಚ್ಚಿ!"

"ಎರಡನೇ ಸಂಬಂಧ ಅಂದಿದ್ದಿ... ಬಿಟ್ಟು ಹೋಗ್ಯಾಳ ಅನ್ಕೊಂಡಿದ್ದೆ!"

"ಶುಭದ ಮಾತಿನಾಗ ಸತ್ತವರ ಸುದ್ದಿ ತಗೀತಾರೇನು?"

ಮರುವಾರ ಅವಳು ಕ್ಷಮೆ ಕೇಳಲು ಊರಿನ ಇನ್ನೊಂದು ತುದಿಯ ಹಡಪಸರಕ್ಕೆ ಹೋದಳು. ಅವನ ಆಫೀಸಿನ ಎದುರಿನ ಚಹಾದಂಗಡಿಯಲ್ಲಿ ಇಬ್ಬರೂ ಕೂತರು.

"ತಪ್ಪು ನಂದು," ಎಂದ ದೇವಾನಂದ. "ನಿಮ್ಮನ್ನ ನೋಡಲಿಕ್ಕೆ ಬರೋ ಮೊದಲ ವಿಳಾಸ ಕೇಳಲಿಕ್ಕೆ ಫೋನ್ ಮಾಡಿದ್ದೆ. ನಿಮ್ಮ ದನಿ... ನನ್ನ ಹೆಂಡ್ತಿ ಸುಮಂಗಲಾಂದೇ ದನಿ. ಅದಕ್ಕೇ ಬಂದೆ."

ಅವಳು ಚಹಾದ ಕಪ್ಪನ್ನು ಮೇಜಿಗೆ ಕುಕ್ಕಿದಳು.

"ಅಂದ್ರ ನಾ ಯಂತ್ರ!"

"ಅಕಿ ಎದಿನೋವು ಅಂದಾಗ ನಾ 'ನಾಳೆ ನೋಡೋಣು' ಅಂದೆ. ಮರುದಿನ ಅಕಿ ಇರಲಿಲ್ಲ. ಒಂದು ಬೈಗುಳಾನೂ ಬೈಲಿಲ್ಲ... ಮೊನ್ನೆ ಅದೇ ದನಿ ನನ್ನ ಹೇಡಿ ಅಂತು."

"ಸತ್ತಾಕಿ ಪರವಾಗಿ ಬೈಲಿಕ್ಕೆ ನಾನೇ ಸಿಕ್ಕೆನೇನು?" ಅವಳು ಎದ್ದು ನಡೆದಳು.

"ಸುಮಂಗಲಾ, ನಿಲ್ಲು!"

ಅಂಗಡಿಯೇ ತಿರುಗಿ ನೋಡಿತು. ಅವನು ಬಾಯಿ ಮುಚ್ಚಿಕೊಂಡ.

ಶಿವಕಾಂತಾ ತಿರುಗಿದಳು. ಕರುಣೆ ಎಂಬುದು ಅವಳ ಕಣ್ಣಲ್ಲಿ ಎಳ್ಳಷ್ಟೂ ಇರಲಿಲ್ಲ.

"ಅಕಿ ಸತ್ತಾಳ್ರೀ. ಎಷ್ಟು ಕೂಗಿದ್ರೂ ನಿಲ್ಲಂಗಿಲ್ಲ. ನನ್ನ ಹೆಸರು ಬರ್ತದೇನು ನಿಮಗ?"

ಅವನು ಪಿಸುಗುಟ್ಟಿದ. "ಶಿವಕಾಂತಾ..."

"ಕೇಳ್ಸವಲ್ದು, ಜೋರಾಗಿ ಅನ್ರಿ."

"ಶಿವಕಾಂತಾ!" ಅವನು ಅತ್ತುಬಿಟ್ಟ.

"ಯಾಕ ಕರದ್ರಿ?"

"ಆ ಕಾದಂಬರಿ ತಂದು ಓದಿದೆ. ನಾ ಹೇಡಿ, ಹೌದು. ಆದ್ರ ಕಾದಂಬರ್ಯಾಗಿನ ಅವಾ ಅಲ್ಲ. ನಿಮ್ಮ ಮಾತು ತಪ್ಪು ಅದ! ಸುಮಂಗಲಾ ಜೋಡಿ ನಾ ಎಂದೂ ಜಗಳಾಡಿಲ್ಲ. ನಿಮ್ಮ ಜೋಡಿ ಆಡಬೇಕು ಅನಸ್ತದ... ದಿನಾ."

ಅವಳು ಮೆಲ್ಲಗೆ ಬಂದು ಕುರ್ಚಿ ಎಳೆದು ಕೂತಳು.

"ಹೇಳ್ರಿ. ಏನು ತಪ್ಪು?"

"ಭಾಳ ಹೊತ್ತು ಹಿಡೀತದ..."

"ಹಿಡೀಲಿ."