ಮೊದಲ ಓದುಗ

“ಮಾಟಕ್ಕ ಕಣ್ಣಿರಂಗಿಲ್ಲೋ ಯಪ್ಪಾ. ವಾಸನಿ ಹಿಡದು ಹೋಗತದ. ಯಾರ ಬೆವರು ಹತ್ತಿರ್ತದೋ ಅವರ ಮನಿಗೇ ಹೋಗತದ. ಇನ್ನೊಮ್ಮಿ ವಿಚಾರ ಮಾಡು.”

ಗಿಲ್ಲೆಸುಗೂರಿನ ಗದ್ದೆಮ್ಮನ ಮಾತಿಗೆ ವಿರೂಪಣ್ಣ ನಕ್ಕುಬಿಟ್ಟ. “ನಿನಗಿಂತ ದೊಡ್ಡ ದೊಡ್ಡ ಮಾಟಗಾರರನ್ನ ಪುಸ್ತಕದಾಗ ಕಂಡೀನಿ ಯವ್ವಾ. ಖರೇ ಅಂದ್ರ ನನಗ ನಂಬಿಕಿನೇ ಇಲ್ಲ. ಹೊಟ್ಟಿ ಉರಿ ತಣ್ಣಗಾದ್ರ ಸಾಕು, ಮಾಡು.”

ಅದು 1982ರ ಒಂದು ಅಮಾವಾಸ್ಯೆಯ ನಡುಮಧ್ಯಾಹ್ನ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ವಿರೂಪಣ್ಣ, ರಾಯಚೂರಿನ ಸೂಗಪ್ಪ ಮಾಸ್ತರರ ಮಾಟದ ಕಾದಂಬರಿಗಳಿಗೆ ಮರುಳಾದವನು. ದೇವದುರ್ಗದ ವಾಚನಾಲಯದಲ್ಲಿ ಹುಡುಗನಾಗಿದ್ದಾಗ ಹಿಡಿದ ಹುಚ್ಚು. ಅವರ ಹತ್ತೊಂಬತ್ತು ಪುಸ್ತಕಗಳನ್ನೂ ದೇವರ ಜಗಲಿಯ ಮೇಲಿಟ್ಟಿದ್ದ. ಭಕ್ತಿ ತಪ್ಪಲ್ಲ. ಆದರೆ ದೇವರು ತನಗೊಬ್ಬನಿಗೇ ಒಲಿಯಬೇಕೆನ್ನುವವನ ಭಕ್ತಿ ಬೇಗ ಹುಳಿಯುತ್ತದೆ.

ಅಚ್ಚಿಗೆ ಹೋಗುವ ಮೊದಲು ಮಾಸ್ತರರ ಕೈಬರಹವನ್ನು ಒಮ್ಮೆ ಓದಬೇಕು. ಅದೊಂದೇ ಅವನ ಆಸೆ. ಕೇಳಿದಾಗಲೆಲ್ಲ ಮಾಸ್ತರರು, “ಅಚ್ಚಾದ ಮ್ಯಾಲೆ ಓದೀರಂತ ತಗೋರಿ,” ಎನ್ನುತ್ತಿದ್ದರು. ಆದರೆ ಎರಡು ವರ್ಷದಿಂದಷ್ಟೇ ಅವರನ್ನು ಓದುತ್ತಿದ್ದ ಕುರ್ಡಿಯ ಶಾಲೆಯ ಶಿಕ್ಷಕಿ ಶೇಖಮ್ಮನಿಗೆ ಪ್ರತಿ ಅಧ್ಯಾಯವೂ ಮಸಿ ಆರುವ ಮುನ್ನ ಹೋಗುತ್ತಿತ್ತು.

“ಅಕಿ ತಪ್ಪು ತೋರಸ್ತಾಳ್ರಿ. ನೀವು ಬರೇ ‘ಚಲೋ ಅದ’ ಅಂತೀರಿ,” ಎಂದು ಮಾಸ್ತರರು ನಕ್ಕಿದ್ದರು. ಆ ನಗೆ ಅವನೊಳಗೆ ಕೆಂಡವಾಗಿ ಉಳಿಯಿತು.

ಮರುವಾರವೇ ಕುರ್ಡಿಗೆ ಹೋದ. ಶೇಖಮ್ಮ ಚಹಾ ತರಲು ಒಳಗೆ ಹೋದಾಗ, ಮೇಜಿನ ಮೇಲಿದ್ದ ಕೈಬರಹದಿಂದ ಒಂದು ಹಾಳೆ ಎಳೆದು ಅಂಗಿಯೊಳಗೆ ಸೇರಿಸಿದ. ಆ ಹಾಳೆ ಈಗ ಗದ್ದೆಮ್ಮನ ಕೈಯಲ್ಲಿತ್ತು.

ಕಿಟಕಿಯಿಲ್ಲದ ಗುಡಿಸಲು. ಹಗಲಲ್ಲೂ ಮಸಿಗತ್ತಲೆ. ಸುಟ್ಟ ಮೆಣಸಿನಕಾಯಿಯ ಘಾಟು, ಕೊಳೆತ ನಿಂಬೆಹಣ್ಣಿನ ವಾಸನೆ. ಅಕ್ಷರ ಅರಿಯದ ಗದ್ದೆಮ್ಮ ಹಾಳೆಯನ್ನು ಮೂಸಿದಳು.

“ಗಂಡಸಿನ ಬೆವರು ಇದ್ದಂಗ ಅದಲ್ಲೋ?”

“ನನ್ನ ಅಂಗ್ಯಾಗ ಇಟ್ಕೊಂಡು ಬಂದೀನಿ, ಅದಕ್ಕ.”

“ಅಕಿಗೆ ಏನಾಗಬೇಕು?”

“ಸಾಯೋದು ಬ್ಯಾಡ. ಅಕ್ಷರ ತಿಳಿಬಾರದು, ಅಷ್ಟೆ.”

ಪದ್ಧತಿಯಂತೆ ಅವಳು ಮೂರು ಸಲ ಕೇಳಿದಳು: “ಇದು ಯಾರದು?” ಮೂರು ಸಲವೂ ಅವನೆಂದ: “ಶೇಖಮ್ಮಂದು.” ಕರಿ ಬಟ್ಟೆಯಲ್ಲಿ ಸುತ್ತಿದ ಹಾಳೆ ಕೆಂಡಕ್ಕೆ ಬಿತ್ತು. ಚಿರ್ರೆಂದಿತು. ಹಸಿ ಮಾಂಸ ಬಿದ್ದಂತೆ.

ಎಂಟನೆಯ ದಿನ ಶೇಖಮ್ಮ ಗಿರಣಿಗೇ ಓಡಿ ಬಂದಳು. “ಅಣ್ಣಾರ, ಮಾಸ್ತರು ಕರಿಯಾಕತ್ತಾರ. ಲಗೂನ ಬರ್ರಿ!”

ನಿಲ್ದಾಣದಲ್ಲಿ ಬಸ್ಸಿನ ಬೋರ್ಡನ್ನು ಅವಳೇ ಓದಿದಳು. “ರಾಯಚೂರು. ಇದೇ ಹತ್ರಿ.”

ವಿರೂಪಣ್ಣ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟ. ಅವಳು ಓದಿದಳು. ಅವಳಿಗೆ ಅಕ್ಷರ ತಿಳಿಯುತ್ತದೆ. ಹಾಗಾದರೆ ಆ ಬೆವರು? ಬರೆದ ಕೈಯದು. ಇಡೀ ಹಾಳೆ ಒರಸಿಕೊಂಡು ಬರೆದ ಮಾಸ್ತರರ ಕೈಯದು. ಶಿವಾ!

ಮಾಸ್ತರರು ಮೇಜಿನ ಮುಂದೆ ಕೂತಿದ್ದರು. ಕೋಣೆಯಲ್ಲಿ ಮೆಣಸಿನಕಾಯಿಯ ಘಾಟು.

“ಕಡೀ ಅಧ್ಯಾಯ ಬರದೀನ್ರಿ. ಆದ್ರ ನಾ ಬರದದ್ದು ನನಗೇ ಹುಳ ಹರದಾಡಿದಂಗ ಕಾಣತದ. ಶೇಖಮ್ಮ ನೋಡಿ ಅಳಾಕತ್ತಿದಳು, ಏನೂ ಹೇಳವಲ್ಲಳು. ನೀವು ಹಳಬರು. ನೀವೇ ಮೊದಲ ಓದ್ರಿ.”

ಕಟ್ಟು ಅವನ ಕೈಗೆ ಬಂತು. ಮಸಿ ಇನ್ನೂ ಹಸಿಯಿತ್ತು. ಮೊದಲ ಹಾಳೆ ನೋಡಿದ. ಗೆರೆ. ಚುಕ್ಕೆ. ಮತ್ತೆ ಗೆರೆ. ಇನ್ನೊಂದು ಹಾಳೆ. ಅಕ್ಷರವಿಲ್ಲ. ಮತ್ತೊಂದು. ಒಂದೇ ಒಂದು ಅಕ್ಷರವಿಲ್ಲ. ಬಾಗಿಲಲ್ಲಿ ಶೇಖಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು. ಮಾಸ್ತರರು ಮಗುವಿನಂತೆ ಅವನ ಮುಖವನ್ನೇ ನೋಡುತ್ತಿದ್ದರು. ಅವನು ನಿಲ್ಲಿಸಲಿಲ್ಲ. ಕಡೆಯ ಹಾಳೆಯವರೆಗೂ ತಿರುವಿದ.

“ಹೆಂಗದ್ರಿ? ಹೆದರಿಕಿ ಆತೇನು?”

“ಆತ್ರೀ ಮಾಸ್ತರ.”

ಮಾಸ್ತರರ ಮುಖ ಅರಳಿತು. ಹೊಸ ಹಾಳೆ ಎಳೆದುಕೊಂಡು ಸರಸರನೆ ಬರೆಯತೊಡಗಿದರು.